ಹಳೆಯ ಆಟದ ಪೆಟ್ಟಿಗೆಯನ್ನು ಕಸಕ್ಕೆ ಹಾಕುವ ಮುನ್ನ



ದಕ್ಷಿಣ ಕ್ಯಾಲಿಫೋರ್ನಿಯಾದ ನಮ್ಮ ಮನೆಗಳ ಗ್ಯಾರೇಜುಗಳಲ್ಲಿ ಎರಡು ರಟ್ಟಿನ ಪೆಟ್ಟಿಗೆಗಳು ಅಕ್ಕಪಕ್ಕದಲ್ಲಿ ಧೂಳು ತಿನ್ನುತ್ತಿವೆ. ಒಂದರಲ್ಲಿ ಊರಿಗೆ ಹೋದಾಗಲೆಲ್ಲ ಹೊತ್ತು ತಂದ ಸಿ.ಡಿ.ಗಳಿವೆ: ಭಾವಗೀತೆ, ದಾಸರ ಪದ, ಶರೀಫರ ತತ್ತ್ವಪದ, ವಚನಗಾಯನ, ಯಕ್ಷಗಾನದ ಪ್ರಸಂಗ, ಮದುವೆಯ ಮಂಟಪದಲ್ಲಿ ನುಡಿದ ನಾಗಸ್ವರ. ಇನ್ನೊಂದರಲ್ಲಿ ಮಕ್ಕಳು ಆಡಿ ಬಿಟ್ಟ ಬೂದುಬಣ್ಣದ ಪ್ಲೇಸ್ಟೇಷನ್ ಇದೆ. ಮೊದಲ ಪೆಟ್ಟಿಗೆಯಲ್ಲಿರುವುದನ್ನು ಎರಡನೆಯ ಪೆಟ್ಟಿಗೆಯಲ್ಲಿರುವುದು ಇಂದಿಗೂ ಹಾಡಿಸಬಲ್ಲದು. ಆದರೂ ವಸಂತದ ಮನೆ ಶುಚಿಯ ದಿನ ಬಂದೊಡನೆ ಎರಡನ್ನೂ ಒಟ್ಟಿಗೆ ಹೊರಗೆ ಸಾಗಿಸುವ ಸಂಭ್ರಮವನ್ನು ನಮ್ಮವರಲ್ಲಿ ಕಾಣುತ್ತಿದ್ದೇನೆ. ಈ ಸಂಭ್ರಮವನ್ನು ವಿರೋಧಿಸುವುದೇ ಈ ಲೇಖನದ ಉದ್ದೇಶ.

ವಿರೋಧವನ್ನು ಎರಡು ದಿಕ್ಕಿನಲ್ಲಿ ಮಾಡಬೇಕಾಗಿದೆ. "ಎಲ್ಲವೂ ಮೊಬೈಲಿನಲ್ಲಿ ಸಿಗುವಾಗ ಸಿ.ಡಿ. ಯಾಕೆ?" ಎಂದು ಕೇಳುವವರು ಒಂದು ಕಡೆ. ಹಳೆಯ ಪ್ಲೇಸ್ಟೇಷನ್ನಿನಲ್ಲಿ ಸಾವಿರಾರು ಡಾಲರಿನ ಯಂತ್ರಗಳನ್ನು ಮೀರಿಸುವ ಮಾಯೆಯಿದೆಯೆಂದು ಸಾರಿ, ಕೆಟ್ಟುಹೋದ ಪೆಟ್ಟಿಗೆಗೂ ಬೆಲೆ ಏರಿಸುವ ಶ್ರವಣವಿಲಾಸಿಗಳು ಇನ್ನೊಂದು ಕಡೆ. ಮೊದಲಿನವರು ಕೈಯಲ್ಲಿರುವುದರ ಬೆಲೆಯನ್ನು ಅರಿಯರು. ಎರಡನೆಯವರು ಇಲ್ಲದ ಬೆಲೆಯನ್ನು ಕಟ್ಟುತ್ತಾರೆ. ನಡುವೆ ನಿಂತಿರುವ ಸತ್ಯ ಸರಳವಾದದ್ದು, ಉಪಯುಕ್ತವಾದದ್ದು.

ಈ ಪೆಟ್ಟಿಗೆಗೂ ನಾವಿರುವ ನಾಡಿಗೂ ಇರುವ ನಂಟನ್ನು ಮೊದಲು ನೆನೆಯೋಣ. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನ ಕನ್ವೆನ್ಷನ್ ಸೆಂಟರಿನಲ್ಲಿ ಇ-ತ್ರೀ ಎಂಬ ಆಟಗಳ ಮೇಳ ಮೊದಲ ಬಾರಿಗೆ ನಡೆಯಿತು. ಸೆಗಾ ಸಂಸ್ಥೆ ತನ್ನ ಸ್ಯಾಟರ್ನ್ ಯಂತ್ರದ ಬೆಲೆ 399 ಡಾಲರ್ ಎಂದು ಅಲ್ಲಿ ಘೋಷಿಸಿತು. ಬಳಿಕ ಸೋನಿಯ ಸರದಿ ಬಂದಾಗ ಸ್ಟೀವ್ ರೇಸ್ ವೇದಿಕೆಗೆ ಬಂದು "299" ಎಂಬ ಒಂದೇ ಸಂಖ್ಯೆಯನ್ನು ನುಡಿದು ಇಳಿದು ಹೋದರು. ಆ ವರ್ಷ ಸೆಪ್ಟೆಂಬರ್ 9ರಂದು ಪ್ಲೇಸ್ಟೇಷನ್ ಅಮೆರಿಕದ ಅಂಗಡಿಗಳಿಗೆ ಬಂದಿತು. ಜಪಾನಿನಲ್ಲಿ ಅದು 1994ರ ಡಿಸೆಂಬರ್ 3ರಂದೇ ಮಾರಾಟಕ್ಕೆ ಬಂದಿತ್ತು. ಕೆನ್ ಕುತರಾಗಿ ಎಂಬ ಎಂಜಿನಿಯರ್ ಹಟ ಹಿಡಿದು ಬೆಳೆಸಿದ ಈ ಯಂತ್ರ ಮುಂದೆ ಜಗತ್ತಿನಾದ್ಯಂತ ಹತ್ತು ಕೋಟಿಗೂ ಮೀರಿ ಮಾರಾಟವಾಯಿತು. ಸ್ಯಾನ್ ಡಿಯಾಗೋಗೂ ಸೋನಿಗೂ ಇನ್ನೂ ಹಳೆಯ ಸಂಬಂಧ: 1972ರಲ್ಲಿಯೇ ಅಲ್ಲಿನ ರಾಂಚೋ ಬರ್ನಾರ್ಡೋದಲ್ಲಿ ಸೋನಿಯ ಟ್ರಿನಿಟ್ರಾನ್ ಬಣ್ಣದ ಟಿವಿಗಳ ಕಾರ್ಖಾನೆ ಆರಂಭವಾಗಿತ್ತು. ಸೋನಿ ಎಲೆಕ್ಟ್ರಾನಿಕ್ಸ್ ಕಂಪನಿಯ ಅಮೆರಿಕದ ಕೇಂದ್ರ ಕಚೇರಿ ಇಂದಿಗೂ ಆ ಊರಿನಲ್ಲಿಯೇ ಇದೆ. ಹೀಗಾಗಿ ನಾವು ಕಸಕ್ಕೆ ಹಾಕಲು ಹೊರಟಿರುವುದು ನಮ್ಮದೇ ನೆರೆಹೊರೆಯ ಚರಿತ್ರೆಯ ಒಂದು ತುಣುಕನ್ನು.

ಆಟದ ಯಂತ್ರಕ್ಕೂ ಸಂಗೀತಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಅದಕ್ಕೂ ಮುಂಚಿನ ಹಲವು ಯಂತ್ರಗಳಂತೆ ಪ್ಲೇಸ್ಟೇಷನ್ ಕಾರ್ಟ್ರಿಜ್ಜನ್ನು ನೆಚ್ಚಿರಲಿಲ್ಲ. ಅದರ ಆಟಗಳು ಸಿ.ಡಿ.ಯಲ್ಲಿ ಬಂದವು. ಆದುದರಿಂದ ಆಟದ ತಟ್ಟೆಯ ಜಾಗದಲ್ಲಿ ಹಾಡಿನ ತಟ್ಟೆಯನ್ನಿಟ್ಟರೂ ಅದು ಓದುತ್ತಿತ್ತು. ಅಮೆರಿಕದಲ್ಲಿ ಮೊದಲು ಮಾರಾಟವಾದ ಮಾದರಿಯ ಸಂಖ್ಯೆ ಎಸ್‌ಸಿಪಿಎಚ್-1001. ಪೆಟ್ಟಿಗೆಯನ್ನು ಮಗುಚಿದರೆ ತಳದ ಚೀಟಿಯಲ್ಲಿ ಕಾಣುತ್ತದೆ. ಈ ಮಾದರಿಯ ಬೆನ್ನಿನಲ್ಲಿ ಕೆಂಪು ಮತ್ತು ಬಿಳಿಯ ಆರ್‌ಸಿಎ ಕಿಂಡಿಗಳು ನೇರವಾಗಿಯೇ ಇವೆ. ಆಂಪ್ಲಿಫೈಯರಿಗೆ ಸಾಮಾನ್ಯ ತಂತಿಯೊಂದನ್ನು ಸಿಕ್ಕಿಸಿದರೆ ಸಾಕು. ಮುಂದಿನ ಮಾದರಿಗಳಲ್ಲಿ ಖರ್ಚು ಉಳಿಸಲು ಈ ಕಿಂಡಿಗಳನ್ನು ತೆಗೆದುಹಾಕಿ, ಬೇರೆ ಬಗೆಯ ತಂತಿಯೊಂದನ್ನಷ್ಟೇ ಉಳಿಸಿದರು. ಒಳಗಿರುವ ಅಂಕಿಗಳನ್ನು ನಾದವಾಗಿಸುವ ಚಿಪ್ಪು ಜಪಾನಿನ ಆಸಾಹಿ ಕಾಸೆಯ್ ಸಂಸ್ಥೆಯದು. ಅದರ ಹೆಸರು ಎಕೆ4309.

ಹೀಗೆ ಹುಟ್ಟಿದ ಯಂತ್ರವನ್ನು 2000ದ ದಶಕದಲ್ಲಿ ಶ್ರವಣವಿಲಾಸಿಗಳು "ಕಂಡುಹಿಡಿದರು". ಹಳೆಯ ಸಾಮಾನಿನ ಅಂಗಡಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತಿದ್ದ ಪೆಟ್ಟಿಗೆಯಿಂದ ಇಂಪಾದ ಧ್ವನಿ ಬರುತ್ತದೆಂಬ ಸುದ್ದಿ ಹಬ್ಬಿತು. 2008ರಲ್ಲಿ ಸ್ಟೀರಿಯೋಫೈಲ್ ಪತ್ರಿಕೆಯೂ ಅದನ್ನು ವಿಮರ್ಶೆಗೆ ಎತ್ತಿಕೊಂಡಿತು. ಅಲ್ಲಿಂದ ಮುಂದೆ ಕಥೆ ಬೆಳೆಯಿತು. ಸಂತೆಯಲ್ಲಿ ಸಿಕ್ಕ ಪೆಟ್ಟಿಗೆಯನ್ನು ಬಿಚ್ಚಿ, ಒಳಗಿನ ಕೆಲವು ಬಿಡಿಭಾಗಗಳನ್ನು ಬದಲಿಸಿ, ಮರದ ಕವಚವೊಂದನ್ನು ತೊಡಿಸಿ, ಹತ್ತಾರು ಪಟ್ಟು ಬೆಲೆಗೆ ಮಾರುವವರು ಹುಟ್ಟಿಕೊಂಡರು. "ಅನಲಾಗಿನಂಥ ಧ್ವನಿ", "ಉಸಿರಾಡುವ ಧ್ವನಿ" ಎಂಬ ವಿಶೇಷಣಗಳು ಹುಟ್ಟಿದವು.

ಈ ವಿಶೇಷಣಗಳನ್ನು ನಾನು ಒಪ್ಪುವುದಿಲ್ಲ. ಸಿ.ಡಿ.ಯೆಂದರೆ ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್ಟುಗಳಲ್ಲಿ ಬರೆದಿಟ್ಟ ಲೆಕ್ಕದ ಪುಸ್ತಕ. ಆ ಲೆಕ್ಕವನ್ನು ತಪ್ಪಿಲ್ಲದೆ ಓದಿ, ಶಬ್ದವಾಗಿಸಿ, ಅದರ ಮೇಲೆ ತನ್ನದೇನನ್ನೂ ಬೆರೆಸದ ಯಂತ್ರವೇ ಒಳ್ಳೆಯ ಯಂತ್ರ. ಈ ಕೆಲಸವನ್ನು ಇಂದಿನ ಅಗ್ಗದ ಚಿಪ್ಪುಗಳೂ 1995ರ ಚಿಪ್ಪಿಗಿಂತ ಅಚ್ಚುಕಟ್ಟಾಗಿ ಮಾಡುತ್ತವೆ. ಹಳೆಯ ಪ್ಲೇಸ್ಟೇಷನ್ ಕೇಳಲು ಹಿತವಾಗಿದೆ ಎಂದರೆ ಒಪ್ಪುತ್ತೇನೆ. ಜಗತ್ತಿನ ಶ್ರೇಷ್ಠ ಸಿ.ಡಿ. ಪ್ಲೇಯರ್ ಎಂದರೆ ಒಪ್ಪಲಾರೆ. ಈ ದಂತಕಥೆಯ ಹೆಸರಿನಲ್ಲಿ ಮುನ್ನೂರು ನಾನೂರು ಡಾಲರ್ ಕೊಟ್ಟು ಯಾರೋ ಮಾರ್ಪಡಿಸಿದ ಪೆಟ್ಟಿಗೆಯನ್ನು ನಮ್ಮ ಸದಸ್ಯರು ಕೊಳ್ಳಬಾರದು. ಪಾಸಡೀನಾದ ರೋಸ್ ಬೌಲಿನಲ್ಲಿ ತಿಂಗಳ ಎರಡನೆಯ ಭಾನುವಾರ ನಡೆಯುವ ಸಂತೆಯಲ್ಲಿ ಅಲೆದಾಡುವವರಿಗೂ ಇದೇ ಮಾತು: ಪೆಟ್ಟಿಗೆ ಹಾಡುವುದನ್ನು ಕಿವಿಯಾರೆ ಕೇಳದೆ ಹಣ ಬಿಚ್ಚಬೇಡಿ.

ಹಾಗಾದರೆ ಇದನ್ನು ಉಳಿಸಿಕೊಳ್ಳಬೇಕೇಕೆ? ಇದು ನಮ್ಮ ಬಳಿ ಈಗಾಗಲೇ ಇದೆ. ಇದನ್ನು ಬಿಚ್ಚಬಹುದು, ಅರ್ಥಮಾಡಿಕೊಳ್ಳಬಹುದು, ನಮ್ಮ ಕೈಯಿಂದಲೇ ಸರಿಪಡಿಸಬಹುದು. ಈ ಮೂರು ಗುಣಗಳು ಒಟ್ಟಿಗೆ ಇರುವ ವಸ್ತು ನಮ್ಮ ಮನೆಗಳಲ್ಲಿ ಈಗ ಬೇರೆ ಎಷ್ಟಿವೆ? ಲೆಕ್ಕ ಹಾಕಿ ನೋಡಿ.

ಮಾರ್ಪಾಡು ಎಂಬ ಪದಕ್ಕೆ ಹೆದರುವವರಿಗಾಗಿ ಅದರ ತಿರುಳನ್ನು ಹೇಳುತ್ತೇನೆ. ಎಕೆ4309 ಚಿಪ್ಪಿನಿಂದ ಹೊರಟ ಶಬ್ದದ ಸಂಕೇತ ಹಿಂಬದಿಯ ಕಿಂಡಿಯನ್ನು ತಲುಪುವ ಮುನ್ನ ಒಂದು ಚಿಕ್ಕ ಆಂಪ್ಲಿಫೈಯರ್ ಚಿಪ್ಪನ್ನೂ, ಯಂತ್ರ ಹೊತ್ತಿಕೊಳ್ಳುವಾಗ ಬರುವ ಸದ್ದನ್ನು ಅಡಗಿಸುವ ಟ್ರಾನ್ಸಿಸ್ಟರುಗಳನ್ನೂ, ಮೂವತ್ತು ವರ್ಷ ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೂ ದಾಟಿ ಬರುತ್ತದೆ. ಇವುಗಳಲ್ಲಿ ವಯಸ್ಸಿಗೆ ಮೊದಲು ಸೋಲುವುದು ಕೆಪಾಸಿಟರು. ಒಳಗಿನ ದ್ರವ ಒಣಗುತ್ತದೆ, ಕೆಲವೊಮ್ಮೆ ಸೋರಿ ಬೋರ್ಡನ್ನೇ ತಿನ್ನುತ್ತದೆ. ಅವನ್ನು ತೆಗೆದು ಹೊಸವನ್ನು ಬೆಸುಗೆ ಹಾಕುವುದು ಮೊದಲ ಹಂತದ ಕೆಲಸ. ಬಹಳಷ್ಟು ಮನೆಗಳಿಗೆ ಇಷ್ಟೇ ಸಾಕು.

ಎರಡನೆಯ ಹಂತದಲ್ಲಿ ನಡುವಿನ ಭಾಗಗಳನ್ನು ಬಳಸಿ ದಾಟಿ, ಚಿಪ್ಪಿನ ಎಡ ಬಲ ಕಾಲುಗಳಿಂದ ನೇರವಾಗಿ ತಂತಿ ಎಳೆದು, ಒಂದೊಂದು ಫಿಲ್ಮ್ ಕೆಪಾಸಿಟರಿನ ಮೂಲಕ ಹೊಸ ಕಿಂಡಿಗೆ ಜೋಡಿಸುತ್ತಾರೆ. ಇಲ್ಲಿ ಕೆಪಾಸಿಟರನ್ನು ಬಿಡುವಂತಿಲ್ಲ. ಚಿಪ್ಪಿನ ಹೊರಹರಿವಿನಲ್ಲಿ ಸಂಗೀತದ ಜೊತೆಗೆ ಸ್ಥಿರವಾದ ಡಿಸಿ ವೋಲ್ಟೇಜೂ ಇರುತ್ತದೆ, ಅದು ಆಂಪ್ಲಿಫೈಯರಿಗೆ ನುಗ್ಗಿದರೆ ಸ್ಪೀಕರಿಗೆ ಕೇಡು. ಎಷ್ಟು ದೊಡ್ಡ ಕೆಪಾಸಿಟರು ಬೇಕೆಂಬುದಕ್ಕೂ ಮಾಯೆ ಬೇಡ, ಪಿಯುಸಿಯ ಭೌತಶಾಸ್ತ್ರ ಸಾಕು. ಆಂಪ್ಲಿಫೈಯರಿನ ಒಳತಡೆ 10 ಕಿಲೋ ಓಮ್ ಇದ್ದು, 2.2 ಮೈಕ್ರೋಫ್ಯಾರಡ್ ಕೆಪಾಸಿಟರು ಹಾಕಿದರೆ ಸುಮಾರು 7 ಹರ್ಟ್ಸಿನಿಂದ ಕೆಳಗಿನ ಕಂಪನಗಳು ಮಾತ್ರ ಕುಗ್ಗುತ್ತವೆ. ಮನುಷ್ಯನ ಕಿವಿ 20 ಹರ್ಟ್ಸಿನ ಕೆಳಗೆ ಕೇಳುವುದೇ ಇಲ್ಲವೆನ್ನಬಹುದು. ಆದ್ದರಿಂದ ಮೃದಂಗದ ಎಡಗೈ ನಾದವೂ ನಷ್ಟವಾಗದು. ಇದೇ ಕೆಪಾಸಿಟರಿಗೆ ಬೆಳ್ಳಿಯ ಲೇಪವಿದ್ದರೆ ನಾದ ಮಧುರವಾಗುತ್ತದೆಂದು ನೂರು ಡಾಲರ್ ಕೇಳುವವರನ್ನು ಬಾಗಿಲಲ್ಲಿಯೇ ನಮಸ್ಕರಿಸಿ ಕಳುಹಿಸಿ. ಮತ್ತೊಂದು ಮಾತು: ಸದ್ದಡಗಿಸುವ ಟ್ರಾನ್ಸಿಸ್ಟರುಗಳನ್ನು ದಾಟಿಬಿಟ್ಟರೆ ಯಂತ್ರ ಹೊತ್ತಿಸಿದಾಗ ಸ್ಪೀಕರಿನಲ್ಲಿ ಟಪ್ಪೆಂಬ ಸದ್ದು ಬರುತ್ತದೆ. ಆದ್ದರಿಂದ ಆಂಪ್ಲಿಫೈಯರನ್ನು ಕೊನೆಯಲ್ಲಿ ಹೊತ್ತಿಸಿ, ಮೊದಲು ಆರಿಸುವ ರೂಢಿ ಬೇಕು.

ಈ ಯಂತ್ರದ ನಿಜವಾದ ದೌರ್ಬಲ್ಯವಿರುವುದು ಬೇರೆ ಕಡೆ. ಮೊದಲ ಮಾದರಿಗಳಲ್ಲಿ ಲೇಸರ್ ಘಟಕ ಹಿಂದೆ ಮುಂದೆ ಜಾರುವ ಭಾಗ ಪ್ಲಾಸ್ಟಿಕ್ಕಿನದು. ಜೊತೆಗೆ ಅದು ವಿದ್ಯುತ್ ಪೂರೈಸುವ ಭಾಗದ ಬಿಸಿಗೆ ಹತ್ತಿರ. ಸವೆದಂತೆ ಘಟಕ ವಾಲುತ್ತದೆ, ಹಾಡು ತಡವರಿಸುತ್ತದೆ. ತೊಂಬತ್ತರ ದಶಕದಲ್ಲಿ ಮಕ್ಕಳು ಪೆಟ್ಟಿಗೆಯನ್ನು ತಲೆಕೆಳಗಾಗಿಸಿ ಆಡುತ್ತಿದ್ದುದು ಈ ಕಾರಣದಿಂದ. ಇಂದು ಮಾಡಬೇಕಾದದ್ದು ಇಷ್ಟೇ: ಮಸೂರವನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತಾಕಿಸಿದ ಹತ್ತಿಯಿಂದ ಮೆಲ್ಲಗೆ ಒರೆಸುವುದು, ಹಳೆಯ ಗ್ರೀಸು ತೆಗೆದು ಪ್ಲಾಸ್ಟಿಕ್ಕಿಗೆ ಹೊಂದುವ ಹೊಸ ಗ್ರೀಸು ಹಚ್ಚುವುದು, ಅದಕ್ಕೂ ಮಣಿಯದಿದ್ದರೆ ಲೇಸರ್ ಘಟಕವನ್ನೇ ಬದಲಿಸುವುದು. ಶ್ರವಣವಿಲಾಸಿಗಳು ಚಿಪ್ಪಿನ ಗುಣಗಾನಕ್ಕೆ ಪುಟಗಟ್ಟಲೆ ಮೀಸಲಿಟ್ಟು ಸವೆಯುವ ಹಳಿಗೆ ಒಂದು ಸಾಲನ್ನೂ ಕೊಡದಿರುವುದು ಅವರ ಆದ್ಯತೆಗಳನ್ನು ತೋರಿಸುತ್ತದೆ.

ಎಚ್ಚರಿಕೆಯ ಮಾತುಗಳನ್ನೂ ಇಲ್ಲಿಯೇ ಹೇಳಿಬಿಡಬೇಕು. ಪೆಟ್ಟಿಗೆಯ ಒಳಗೆ ಗೋಡೆಯ ವಿದ್ಯುತ್ತು ನೇರವಾಗಿ ಬರುವ ಬೋರ್ಡೊಂದಿದೆ. ಅಲ್ಲಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 170 ವೋಲ್ಟು ನಿಂತಿರುತ್ತದೆ. ತಂತಿ ಕಿತ್ತ ತಕ್ಷಣ ಅದನ್ನು ಮುಟ್ಟಕೂಡದು. ಲೇಸರ್ ಕಿರಣ ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಮುಚ್ಚಳ ತೆರೆದು ಒತ್ತುಗುಂಡಿಯನ್ನು ಬಲವಂತವಾಗಿ ಅದುಮಿ ಒಳಗೆ ಇಣುಕಬಾರದು. ಆ ಕಾಲದ ಬೆಸುಗೆಯಲ್ಲಿ ಸೀಸವಿದೆ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಮುಗಿದ ಮೇಲೆ ಕೈ ತೊಳೆಯಬೇಕು. ಇಲ್ಲಿ ಕೊಂಡ ಪೆಟ್ಟಿಗೆಯನ್ನು ಮೈಸೂರಿಗೋ ಹುಬ್ಬಳ್ಳಿಗೋ ಒಯ್ಯುವವರು ಅಲ್ಲಿನ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಇನ್ನು "ಎಲ್ಲವೂ ಮೊಬೈಲಿನಲ್ಲಿದೆ" ಎಂಬ ವಾದಕ್ಕೆ ಬರೋಣ. ಎಲ್ಲವೂ ಇಲ್ಲ. 1978ರಲ್ಲಿ ಬಂದ, ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿಯೆಂದು ಹೆಸರಾದ 'ನಿತ್ಯೋತ್ಸವ'ದಂಥ ಪ್ರಸಿದ್ಧ ಕೃತಿಗಳು ಸಿಗುತ್ತವೆ, ನಿಜ. ಆದರೆ ಮೈಸೂರು ಅನಂತಸ್ವಾಮಿಯವರು ನಮ್ಮನ್ನು ಅಗಲಿದ್ದು 1995ರಲ್ಲಿ, ಸಿ. ಅಶ್ವಥ್ ಅವರು 2009ರಲ್ಲಿ. ಅವರ ಧ್ವನಿ ಇನ್ನು ಮೇಲೆ ಹೊಸದಾಗಿ ಮುದ್ರಣವಾಗಲಾರದು. ಇರುವ ಮುದ್ರಣಗಳನ್ನು ಕಾಯುವುದಷ್ಟೇ ನಮಗೆ ಉಳಿದ ದಾರಿ. ಹಬ್ಬದ ಹಿಂದಿನ ಸಂಜೆ ಒಂದು ನಿರ್ದಿಷ್ಟ ಹಾಡನ್ನು, ನಿರ್ದಿಷ್ಟ ಗಾಯಕರ ಕಂಠದಲ್ಲಿ ಹುಡುಕಿ ನೋಡಿದವರಿಗೆ ತಿಳಿದಿದೆ: ಹಾಡು ಸಿಕ್ಕರೆ ಗಾಯಕರು ಬೇರೆ, ಗಾಯಕರು ಸಿಕ್ಕರೆ ವಾದ್ಯಗೋಷ್ಠಿ ಬೇರೆ, ಕವಿಯ ಹೆಸರಂತೂ ಎಲ್ಲಿಯೂ ಇಲ್ಲ. ಸಿ.ಡಿ.ಯ ಜೊತೆಗಿನ ಕಿರುಹೊತ್ತಗೆಯಲ್ಲಿ ಕವಿ, ರಾಗಸಂಯೋಜಕರು, ಕೊಳಲು ನುಡಿಸಿದವರು, ತಬಲಾ ನುಡಿಸಿದವರು ಎಲ್ಲರೂ ಇದ್ದರು. ಮೊಬೈಲಿನ ಪರದೆಯಲ್ಲಿ ಅವರೆಲ್ಲ ಅನಾಮಿಕರಾಗಿದ್ದಾರೆ. ಊರಿನ ದೇವಸ್ಥಾನದವರೋ, ಸಣ್ಣ ಸಂಗೀತ ಸಭೆಯವರೋ, ಗಮಕ ವಿದ್ವಾಂಸರ ಶಿಷ್ಯರೋ ನೂರು ಇನ್ನೂರು ಪ್ರತಿ ಮಾಡಿಸಿ ಹಂಚಿದ ತಟ್ಟೆಗಳನ್ನು ಯಾವ ಕಂಪನಿ ತಾನೇ ಹುಡುಕಿಕೊಂಡು ಬಂದು ತನ್ನ ಪಟ್ಟಿಗೆ ಸೇರಿಸೀತು?

ಇದ್ದದ್ದೂ ಎಷ್ಟು ದಿನ ಇರುತ್ತದೆಂಬ ಭರವಸೆಯಿಲ್ಲ. 2023ರ ಡಿಸೆಂಬರಿನಲ್ಲಿ ಇದೇ ಪ್ಲೇಸ್ಟೇಷನ್ನಿನ ಅಂಗಡಿಯಲ್ಲಿ ಹಣ ಕೊಟ್ಟು ಕೊಂಡಿದ್ದ ಡಿಸ್ಕವರಿ ವಾಹಿನಿಯ ಕಾರ್ಯಕ್ರಮಗಳನ್ನು ಗ್ರಾಹಕರ ಸಂಗ್ರಹದಿಂದಲೇ ಅಳಿಸಲಾಗುವುದೆಂದು ಪ್ರಕಟಣೆ ಹೊರಟಿತು. ಜನ ಕೆರಳಿದ ಮೇಲೆ, ಆ ತಿಂಗಳು ಮುಗಿಯುವುದರೊಳಗೆ ಅದನ್ನು ಹಿಂತೆಗೆದುಕೊಂಡರು. ಜನ ಕೆರಳದಿದ್ದರೆ? ನಮ್ಮ ಕ್ಯಾಲಿಫೋರ್ನಿಯಾದ ಶಾಸನಸಭೆಗೂ ಈ ಅಪಾಯ ಅರ್ಥವಾಗಿದೆ. 2025ರ ಜನವರಿ 1ರಿಂದ ಜಾರಿಯಲ್ಲಿರುವ ಎಬಿ 2426 ಎಂಬ ಕಾನೂನಿನಂತೆ, ಡಿಜಿಟಲ್ ಸರಕನ್ನು "ಕೊಳ್ಳಿ" ಎಂಬ ಪದ ಬಳಸಿ ಮಾರುವವರು, ಗ್ರಾಹಕರಿಗೆ ದೊರೆಯುತ್ತಿರುವುದು ಕೇವಲ ಪರವಾನಗಿಯಾಗಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು. ಬಾಡಿಗೆ ಮನೆಗೆ ಗೃಹಪ್ರವೇಶ ಮಾಡಿಸಿಕೊಂಡು ಸ್ವಂತ ಮನೆಯೆಂದು ಬೀಗುತ್ತಿದ್ದ ಕಾಲ ಮುಗಿಯಿತೆಂದು ಕಾನೂನೇ ಹೇಳಿದಂತಾಯಿತು. ಸಿ.ಡಿ. ಮಾತ್ರ ನಿಮ್ಮದು. ಅದನ್ನು ಯಾರೂ ರಾತ್ರೋರಾತ್ರಿ ನಿಮ್ಮ ಕಪಾಟಿನಿಂದ ಅಳಿಸಲಾರರು.

ಹಾಗೆಂದು ತಟ್ಟೆ ಇದ್ದರೆ ಸಾಲದು, ಅದನ್ನು ನುಡಿಸುವ ಯಂತ್ರವೂ ಬೇಕು. ಹೊಸ ಕಾರುಗಳಲ್ಲಿ ಸಿ.ಡಿ. ಕಿಂಡಿ ಕಾಣದಾಯಿತು, ಲ್ಯಾಪ್‌ಟಾಪುಗಳಲ್ಲಿಯೂ ಇಲ್ಲ. ವಿಪರ್ಯಾಸವನ್ನು ಗಮನಿಸಿ: 1995ರ ಪ್ಲೇಸ್ಟೇಷನ್ ಹಾಡಿನ ಸಿ.ಡಿ. ನುಡಿಸುತ್ತದೆ, 2013ರಲ್ಲಿ ಬಂದ ನಾಲ್ಕನೆಯ ಪ್ಲೇಸ್ಟೇಷನ್, 2020ರಲ್ಲಿ ಬಂದ ಐದನೆಯದು, ತಟ್ಟೆ ಹಾಕುವ ಕಿಂಡಿಯಿದ್ದೂ, ಅದನ್ನು ನುಡಿಸುವುದಿಲ್ಲ. 1982ರಲ್ಲಿ ಜಗತ್ತಿನ ಮೊದಲ ಸಿ.ಡಿ. ಪ್ಲೇಯರನ್ನು ಮಾರಾಟಕ್ಕಿಟ್ಟ ಕಂಪನಿಯ ಯಂತ್ರಗಳಿವು! ಮುಂದುವರಿಕೆಯೆಂದು ನಾವು ಹಣ ತೆತ್ತು ಕೊಂಡದ್ದರಲ್ಲಿ ಒಂದು ಸಾಮರ್ಥ್ಯ ಸದ್ದಿಲ್ಲದೆ ಕಳೆದುಹೋಗಿದೆ.

ಈಗ ಪ್ರಬಲವಾದ ಆಕ್ಷೇಪವೊಂದನ್ನು ಪ್ರಾಮಾಣಿಕವಾಗಿ ಎದುರಿಸಬೇಕು. "ಇಪ್ಪತ್ತು ಮೂವತ್ತು ಡಾಲರಿನ ಯುಎಸ್‌ಬಿ ಡ್ರೈವೊಂದನ್ನು ಕೊಂಡು, ಸಿ.ಡಿ.ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡರೆ ಮುಗಿಯಿತಲ್ಲ? ಹಳೆಯ ಡಿವಿಡಿ ಪ್ಲೇಯರೂ ಇದೇ ಕೆಲಸ ಮಾಡುತ್ತದಲ್ಲ?" ಎನ್ನುವವರುಂಟು. ಅವರು ಹೇಳುವುದು ಸರಿ. ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕೆಲಸವನ್ನು ಇಂದೇ ಆರಂಭಿಸಿ. ಅದರಲ್ಲಿಯೂ ಮನೆಯಲ್ಲಿ ಬರೆದ ಸಿ.ಡಿ.ಆರ್. ತಟ್ಟೆಗಳಿಂದ ಆರಂಭಿಸಿ. ಕಾರ್ಖಾನೆಯಲ್ಲಿ ಒತ್ತಿದ ಸಿ.ಡಿ.ಯಲ್ಲಿ ಅಕ್ಷರಗಳು ಪ್ಲಾಸ್ಟಿಕ್ಕಿನಲ್ಲಿಯೇ ಅಚ್ಚಾಗಿರುತ್ತವೆ, ಸಿ.ಡಿ.ಆರ್.ನಲ್ಲಿ ಅವು ಬಣ್ಣದ ಪದರದಲ್ಲಿ ಬರೆದವು, ಬಿಸಿಲಿಗೂ ಸೆಕೆಗೂ ಮಾಸುತ್ತವೆ. ಸ್ಯಾನ್ ಫರ್ನಾಂಡೋ ಕಣಿವೆಯ ಬೇಸಿಗೆಯಲ್ಲಿ ಗ್ಯಾರೇಜು ಒಲೆಯಂತೆ ಕಾಯುತ್ತದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಅಜ್ಜಿಯ ಸೋಬಾನೆ ಪದ, ತಂದೆಯವರ ಷಷ್ಟಿಪೂರ್ತಿಯ ಮಾತು, ಮಗಳ ಮೊದಲ ಕಛೇರಿ ಇರುವುದು ಇಂಥ ತಟ್ಟೆಗಳಲ್ಲಿಯೇ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಗಬಾರದು.

ಆದರೆ ಪ್ರತಿ ಮಾಡಿಟ್ಟುಕೊಳ್ಳುವುದು ಒಂದು, ಕೇಳುವುದು ಇನ್ನೊಂದು. ಕಂಪ್ಯೂಟರಿನ ಯಾವುದೋ ಕಡತದೊಳಗೆ ಸೇರಿದ ಹಾಡು ಅಲ್ಲಿಯೇ ಉಳಿದುಬಿಡುವುದೇ ಹೆಚ್ಚು. ತಟ್ಟೆಯನ್ನು ಕೈಯಲ್ಲಿ ಹಿಡಿದು, ಮುಚ್ಚಳ ತೆರೆದು, ಇರಿಸಿ, ಒಂದು ಕಿರುಹೊತ್ತಗೆಯನ್ನು ತಿರುವುತ್ತ ಮುಕ್ಕಾಲು ಗಂಟೆ ಕುಳಿತು ಕೇಳುವ ಅಭ್ಯಾಸಕ್ಕೆ ಮನೆಯ ನಡುಮನೆಯಲ್ಲಿ ಒಂದು ಯಂತ್ರ ಬೇಕು. ಅದು ಡಿವಿಡಿ ಪ್ಲೇಯರಾದರೆ ಅದೂ ಆಗಲಿ, ನನ್ನ ತಕರಾರಿಲ್ಲ. ಪ್ಲೇಸ್ಟೇಷನ್ನಿಗೆ ಪರದೆಯಿಲ್ಲ, ಟಿವಿ ಹೊತ್ತಿಸದೆ ಎಷ್ಟನೆಯ ಹಾಡೆಂದು ಕಾಣದು, ಆಟದ ಹಿಡಿಕೆಯಿಂದಲೇ ನಡೆಸಬೇಕು. ಈ ಅನಾನುಕೂಲಗಳನ್ನು ಮುಚ್ಚಿಡುವುದಿಲ್ಲ. ಆದರೂ ಹದಿಹರೆಯದ ಮಗನನ್ನೋ ಮಗಳನ್ನೋ ಪಕ್ಕಕ್ಕೆ ಕೂರಿಸಿಕೊಂಡು ಬಿಚ್ಚಲು ಇದಕ್ಕಿಂತ ಒಳ್ಳೆಯ ಯಂತ್ರವಿಲ್ಲ. ಅವರಿಗೆ ಪ್ಲೇಸ್ಟೇಷನ್ ಎಂಬ ಹೆಸರು ಗೊತ್ತು. ದಾಸರ ಪದಕ್ಕೆ ಬಾರದವರು ಪ್ಲೇಸ್ಟೇಷನ್ ಬಿಚ್ಚಲು ಬರುತ್ತಾರೆ. ಬಿಚ್ಚಿದ್ದು ಸರಿಹೋಯಿತೇ ಎಂದು ಪರೀಕ್ಷಿಸಲು ದಾಸರ ಪದವನ್ನೇ ಹಾಕಿ.

ಮತ್ತೊಂದು ವಿಚಾರವನ್ನು ಗಂಭೀರವಾಗಿ ಪರಿಗಣಿಸಬೇಕೆಂದು ಕೋರುತ್ತೇನೆ. ಕ್ಯಾಲಿಫೋರ್ನಿಯಾ 2023ರ ಅಕ್ಟೋಬರಿನಲ್ಲಿ ಎಸ್‌ಬಿ 244 ಎಂಬ ದುರಸ್ತಿ ಹಕ್ಕಿನ ಕಾನೂನನ್ನು ಮಾಡಿತು. 2024ರ ಜುಲೈ 1ರಿಂದ ಅದು ಜಾರಿಯಲ್ಲಿದೆ. 100 ಡಾಲರಿಗೂ ಹೆಚ್ಚು ಬೆಲೆಯ ಎಲೆಕ್ಟ್ರಾನಿಕ್ ವಸ್ತುಗಳಿಗೆ ತಯಾರಕರು ಬಿಡಿಭಾಗ, ಉಪಕರಣ, ದುರಸ್ತಿ ವಿವರಗಳನ್ನು ತಯಾರಿಕೆ ನಿಂತ ಮೇಲೂ ಏಳು ವರ್ಷ ಒದಗಿಸಬೇಕೆಂಬುದು ಅದರ ಸಾರ. ಫೋನಿಗೆ ಅನ್ವಯ, ಲ್ಯಾಪ್‌ಟಾಪಿಗೆ ಅನ್ವಯ, ಬಟ್ಟೆ ಒಗೆಯುವ ಯಂತ್ರಕ್ಕೂ ಅನ್ವಯ. ವಿಡಿಯೋ ಆಟದ ಯಂತ್ರಗಳಿಗೆ ಮಾತ್ರ ವಿನಾಯಿತಿ! 2021ರ ಜುಲೈಗೆ ಮುಂಚಿನ ವಸ್ತುಗಳಿಗೆ ಆ ಕಾನೂನು ಅನ್ವಯಿಸದ ಕಾರಣ ನಮ್ಮ ಬೂದು ಪೆಟ್ಟಿಗೆಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಇಂದು ನಮ್ಮ ಮಕ್ಕಳು ಆಡುತ್ತಿರುವ ಯಂತ್ರವೇ ನಾಳಿನ ಹಳೆಯ ಪೆಟ್ಟಿಗೆ. ಅದನ್ನು ತೆರೆಯುವ ಹಕ್ಕು ನಮ್ಮ ಮೊಮ್ಮಕ್ಕಳಿಗೆ ಇರಬೇಕೋ ಬೇಡವೋ? ಆಟದ ಕಳ್ಳಪ್ರತಿಗಳನ್ನು ತಡೆಯಲು ಈ ವಿನಾಯಿತಿ ಬೇಕೆಂಬ ಸಮರ್ಥನೆಯುಂಟು. ಆ ಕಾಳಜಿಗೆ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾನೂನು ಇದ್ದೇ ಇದೆ. ಆಟದ ಬೀಗವನ್ನು ಒಡೆಯುವ ಚಿಪ್ಪುಗಳ ಮಾತನ್ನು ಅದು ನೋಡಿಕೊಳ್ಳುತ್ತದೆ. ಕೆಪಾಸಿಟರು ಬದಲಿಸುವುದರಿಂದ, ಲೇಸರಿನ ಹಳಿಗೆ ಗ್ರೀಸು ಹಚ್ಚುವುದರಿಂದ ಯಾವ ಬೀಗವೂ ಒಡೆಯುವುದಿಲ್ಲ. ಕಳ್ಳನಿಗೆ ಹೆದರಿ ಮನೆಯ ಯಜಮಾನನ ಕೈಗೆ ಬೇಡಿ ತೊಡಿಸುವುದು ಯಾವ ನ್ಯಾಯ?

ಯಂತ್ರದ ಹಿಂಬದಿಗೆ "ಇದನ್ನು ಕಿತ್ತರೆ ವಾರಂಟಿ ಇಲ್ಲ" ಎಂಬ ಚೀಟಿ ಅಂಟಿಸಿ ಹೆದರಿಸುವ ಪದ್ಧತಿಯ ಬಗ್ಗೆ 2018ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಆಟದ ಯಂತ್ರಗಳನ್ನು ತಯಾರಿಸುವ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೋ ಮೂರೂ ಆ ಪಟ್ಟಿಯಲ್ಲಿದ್ದವು. ಇಂಥ ಚೀಟಿಗೆ ಅಂಜಿ ಸ್ಕ್ರೂಡ್ರೈವರನ್ನು ಕೆಳಗಿಟ್ಟವರಲ್ಲಿ ನಮ್ಮ ಸಮುದಾಯದ ಎಂಜಿನಿಯರುಗಳೇ ಹೆಚ್ಚೆಂಬುದು ನಗೆಗೂ ನಾಚಿಕೆಗೂ ಎಡೆಮಾಡುವ ಸಂಗತಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಟ್ರಾನ್ಸಿಸ್ಟರಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದು, ಕಾಲೇಜಿನ ಪ್ರಾಜೆಕ್ಟಿಗೆ ಬೆಸುಗೆ ಹಾಕಿದ ಪೀಳಿಗೆ ನಮ್ಮದು. ರೇಡಿಯೋ ಕೆಟ್ಟರೆ ಹೊಸದನ್ನು ಕೊಳ್ಳುವುದು ಕೊನೆಯ ಉಪಾಯವಾಗಿದ್ದ ಮನೆಗಳಿಂದ ಬಂದವರು ನಾವು. ಕ್ವಾಲ್ಕಾಮಿನ ಊರಾದ ಸ್ಯಾನ್ ಡಿಯಾಗೋದಲ್ಲಿ ಚಿಪ್ಪುಗಳನ್ನು ರೂಪಿಸುವ ಕೈಗಳೇ ಮನೆಯಲ್ಲಿ ಒಂದು ಮುಚ್ಚಳ ತೆರೆಯಲು ಹಿಂಜರಿಯುವುದೆಂದರೇನು? ಮಕ್ಕಳಿಗೆ ನಮ್ಮ ಸಂಸ್ಕೃತಿಯನ್ನು ಕಲಿಸಬೇಕೆಂದು ವೇದಿಕೆಯ ಮೇಲೆ ಹೇಳುತ್ತೇವೆ. ಕೆಟ್ಟದ್ದನ್ನು ಸರಿಮಾಡಿಕೊಂಡು ಬಾಳುವುದೂ ಆ ಸಂಸ್ಕೃತಿಯ ಒಂದು ಮುಖವೆಂಬುದನ್ನು ಏಕೆ ಮರೆಯುತ್ತೇವೆ?

ನಿಜಕ್ಕೂ ಸತ್ತುಹೋದ ಪೆಟ್ಟಿಗೆಯನ್ನು ಮನೆಯಲ್ಲಿ ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ಮನೆಯ ಕಸದ ಡಬ್ಬಿಗೆ ಹಾಕುವುದು ಈ ರಾಜ್ಯದಲ್ಲಿ ಕಾನೂನಿಗೆ ವಿರುದ್ಧ. ಒಳಗಿನ ಸೀಸ ಮಣ್ಣಿಗೂ ನೀರಿಗೂ ಸೇರಬಾರದು. ಲಾಸ್ ಏಂಜಲೀಸ್ ನಗರದ ಸೇಫ್ ಕೇಂದ್ರಗಳಲ್ಲಿ ನಿವಾಸಿಗಳಿಂದ ಎಲೆಕ್ಟ್ರಾನಿಕ್ ತ್ಯಾಜ್ಯವನ್ನು ಸ್ವೀಕರಿಸುತ್ತಾರೆ. ಅಲ್ಲಿಗೆ ಒಯ್ಯುವ ಮುನ್ನ ಬಿಡಿಭಾಗಗಳಿಗಾಗಿ ಯಾರಿಗಾದರೂ ಬೇಕೇ ಎಂದು ಬಳಗದಲ್ಲಿ ಒಮ್ಮೆ ಕೇಳುವುದು ಧರ್ಮ.

ಕೊನೆಯದಾಗಿ, ನಮ್ಮ ಸಂಘದ ಮುಂದೆ ಮೂರು ಬೇಡಿಕೆಗಳನ್ನು ಇಡುತ್ತೇನೆ.

ಮೊದಲನೆಯದು, ಯುಗಾದಿ, ರಾಜ್ಯೋತ್ಸವ, ಸಂಕ್ರಾಂತಿಯ ಕಾರ್ಯಕ್ರಮಗಳಲ್ಲಿ ಊಟದ ಸಾಲಿನ ಪಕ್ಕ ಒಂದು ಮೇಜನ್ನು ದುರಸ್ತಿಗಾಗಿ ಮೀಸಲಿಡಬೇಕು. ಎರಡು ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್, ಬಲ್ಲ ಇಬ್ಬರು ಹಿರಿಯರು, ಕಲಿಯಬಯಸುವ ನಾಲ್ವರು ಕಿರಿಯರು ಸಾಕು. ಗೋಡೆಯ ವಿದ್ಯುತ್ತಿನ ಬೋರ್ಡನ್ನು ಬಲ್ಲವರೇ ಮುಟ್ಟಲಿ; ಉಳಿದದ್ದನ್ನು ಮಕ್ಕಳು ಮುಟ್ಟಲಿ.

ಎರಡನೆಯದು, ಸದಸ್ಯರ ಮನೆಗಳಲ್ಲಿರುವ ಕನ್ನಡ ಸಿ.ಡಿ.ಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. ಯಾರ ಮನೆಯಲ್ಲಿ ಯಾವ ಮುದ್ರಣವಿದೆ, ಹಾಡಿದವರು ಯಾರು, ಬರೆದವರು ಯಾರು ಎಂಬಷ್ಟೇ ವಿವರ ಸಾಕು. ತಟ್ಟೆಗಳನ್ನು ಮನೆಮನೆಗೆ ಎರವಲು ಕೊಡುವ ಪದ್ಧತಿ ಆಗ ತಾನಾಗಿ ಹುಟ್ಟುತ್ತದೆ. ಹಕ್ಕುಸ್ವಾಮ್ಯವನ್ನು ಮೀರುವ ಅಗತ್ಯವೂ ಬೀಳದು.

ಮೂರನೆಯದು, ಎಸ್‌ಬಿ 244ರಲ್ಲಿ ಆಟದ ಯಂತ್ರಗಳಿಗೆ ಕೊಟ್ಟಿರುವ ವಿನಾಯಿತಿಯನ್ನು ತೆಗೆಯಬೇಕೆಂದು ಕೋರಿ ನಮ್ಮ ನಮ್ಮ ಕ್ಷೇತ್ರದ ಶಾಸಕರಿಗೆ ಪ್ರತಿ ಕುಟುಂಬವೂ ಒಂದು ಪತ್ರ ಬರೆಯಬೇಕು. ಈ ದೇಶದಲ್ಲಿ ತೆರಿಗೆ ತೆರುವ, ಮಕ್ಕಳನ್ನು ಬೆಳೆಸುವ, ಯಂತ್ರಗಳನ್ನು ಕೊಳ್ಳುವ ನಾವು ಅತಿಥಿಗಳಂತೆ ಮೌನವಾಗಿರಬೇಕಾಗಿಲ್ಲ.

ಆ ಬೂದು ಪೆಟ್ಟಿಗೆಯಲ್ಲಿ ಮಾಯೆಯಿಲ್ಲವೆಂದು ಈಗಾಗಲೇ ಹೇಳಿದ್ದೇನೆ. ಒಂದು ಲೇಸರು, ಒಂದು ಮೋಟಾರು, ಒಂದು ಚಿಪ್ಪು, ಕೆಲವು ಕೆಪಾಸಿಟರುಗಳು, ಅಷ್ಟೇ. ಅಷ್ಟನ್ನು ಅರಿತ ಕೈ ಮನೆಯಲ್ಲಿದ್ದರೆ ಅನಂತಸ್ವಾಮಿಯವರು ಇನ್ನೂ ಹಲವು ವರ್ಷ ಆ ಮನೆಯಲ್ಲಿ ಹಾಡುತ್ತಾರೆ. ಇಲ್ಲವಾದರೆ ಹಾಡಿಗೆ ನಾವು ಪ್ರತಿ ತಿಂಗಳೂ ಬಾಡಿಗೆ ಕಟ್ಟುತ್ತ, ಒಡೆಯರು ಮನಸ್ಸು ಬದಲಿಸಿದ ದಿನ ಕಿವಿಯನ್ನೂ ಖಾಲಿಮಾಡಬೇಕಾಗುತ್ತದೆ. ಆಯ್ಕೆ ನಮ್ಮ ಗ್ಯಾರೇಜಿನಲ್ಲಿಯೇ ಇದೆ. ಮುಂದಿನ ಶನಿವಾರ ಪೆಟ್ಟಿಗೆಯನ್ನು ಹೊರಗೆ ಇಡುವ ಬದಲು ಒಳಗೆ ತನ್ನಿ.